ಪದಾ ತಿಳೀಬೇಕು

ನಮ್ಮಪ್ಪನದು ಮೂಡಲಗಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಅಂಗಡಿಯೆಂದರೆ ದೊಡ್ಡದೇನಲ್ಲ. ಎರಡು ಅಹೂಜಾ ಆಂಪ್ಲಿಫೈಯರು, ಆರು ಹಾರ್ನು, ಮೂರು ಮೈಕು, ಒಂದು ರೆಕಾರ್ಡ್ ಪ್ಲೇಯರು, ಮೂಲೆಯಲ್ಲಿ ಹಾವಿನ ಹಾಗೆ ಸುತ್ತಿಟ್ಟ ವಾಯರಿನ ಸುರುಳಿಗಳು. ಹಾರ್ನಿಗೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಲಗ್ನದ ಸೀಜನ್ನಿನಲ್ಲಿ ಈ ಭೋಂಗಾಗಳು ಚಕ್ಕಡಿಯಲ್ಲೋ, ಆಮೇಲಾಮೇಲೆ ಟೆಂಪೋದಲ್ಲೋ ಊರೂರು ತಿರುಗುತ್ತಿದ್ದವು. ಅಪ್ಪನನ್ನು ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ‘ಮೈಕಿನ ಕಾಕಾ’ ಎಂದೇ ಎಲ್ಲರೂ ಕರೆಯುತ್ತಿದ್ದದ್ದು.

ಶಾಲೆಯಲ್ಲಿ ನಾನು ಹಾಜರಿ ಹೇಳಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಎಂಬ ಧ್ವನಿ ಬರುತ್ತಿತ್ತು. ಇದು ನಗುವ ಮಾತೇ ಹೊರತು ಅಳುವ ಮಾತಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಿರಲಿಲ್ಲ. ನಾನು ದೊಡ್ಡವನಾದ ಮೇಲೆ ಏನಾದರೂ ಆಗಲಿ, ಮೈಕಿನವನು ಮಾತ್ರ ಆಗಬಾರದು ಎಂದು ಏಳನೆಯ ಇಯತ್ತೆಯಲ್ಲೇ ನಿರ್ಧರಿಸಿಬಿಟ್ಟಿದ್ದೆ.

ಆದರೆ ಪಾರಿಜಾತದ ಆಟವಿದ್ದ ದಿನ ಆ ನಿರ್ಧಾರ ಸ್ವಲ್ಪ ಸಡಿಲಾಗುತ್ತಿತ್ತು. ಶ್ರೀಕೃಷ್ಣ ಪಾರಿಜಾತ ನಮ್ಮ ನೆಲದ ಆಟ. ಅದಕ್ಕೆ ಇಂದಿನ ರೂಪ ಕೊಟ್ಟು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ನಮ್ಮಿಂದ ದೂರವಿಲ್ಲ. ಸತ್ಯಭಾಮೆಯ ಸಿಟ್ಟನ್ನು ನಾಡಿಗೆಲ್ಲ ತೋರಿಸಿದ ನಿಂಗಮ್ಮನ ಕೌಜಲಗಿಯೂ ದೂರವಿಲ್ಲ. ರಾತ್ರಿ ಊಟ ಮುಗಿಸಿ ಚಾಪೆ, ಕಂಬಳಿ ಹೊತ್ತು ಬಂದವರು ಬೆಳಕು ಹರಿಯುವ ತನಕ ಏಳುತ್ತಿರಲಿಲ್ಲ. ಕರೆಂಟು ಹೋದರೆ ಆಂಪ್ಲಿಫೈಯರು ಹನ್ನೆರಡು ವೋಲ್ಟಿನ ಕಾರಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಬ್ಯಾಟರಿ ಕಾಯುವುದು ನನ್ನ ಕೆಲಸ. ಅದರ ಮೇಲೆ ಕೂತು ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ. ಕಣ್ಣು ಬಿಟ್ಟಾಗ ಭಾಮೆ ಇನ್ನೂ ಮುನಿಸಿಕೊಂಡೇ ಇರುತ್ತಿದ್ದಳು.

ಅಪ್ಪನಿಗೆ ಸಂಗೀತ ಬರುತ್ತಿರಲಿಲ್ಲ. ರಾಗದ ಹೆಸರು ಕೇಳಿದರೆ ‘ಅದನ್ನ ಪೇಟಿ ಬಾರಸಾಂವಗ ಕೇಳು’ ಎನ್ನುತ್ತಿದ್ದ. ಅವನಿಗಿದ್ದದ್ದು ಒಂದೇ ಶಾಸ್ತ್ರ: ‘ಪದಾ ತಿಳೀಬೇಕು.’ ಕಡೆಯ ಸಾಲಿನಲ್ಲಿ, ಗುಡಿಯ ಕಟ್ಟೆಗೆ ಆತು ಕೂತ ಮುದುಕಿಗೂ ಭಾಮೆ ಅಂದದ್ದೇನು, ಕೃಷ್ಣ ಮರುಳು ಮಾಡಿದ್ದೇನು ಎಂಬುದು ಅಕ್ಷರ ಅಕ್ಷರವಾಗಿ ತಿಳಿಯಬೇಕು. ಸದ್ದು ಎಷ್ಟಿದೆ ಎಂಬುದು ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದಕ್ಕಾಗಿ ಅವನು ಪಡುತ್ತಿದ್ದ ಪಾಡು ಆಗ ನನಗೆ ಹುಚ್ಚಾಟವಾಗಿ ಕಾಣುತ್ತಿತ್ತು. ಎಲ್ಲ ಮೈಕಿನವರೂ ಭೋಂಗಾಗಳನ್ನು ಊರ ನಾಲ್ಕು ದಿಕ್ಕಿಗೆ ಕಟ್ಟಿದರೆ ಅಪ್ಪ ಎಲ್ಲವನ್ನೂ ಆಟದ ಕಡೆಯಿಂದಲೇ ಜನರತ್ತ ತಿರುಗಿಸಿ ಕಟ್ಟುತ್ತಿದ್ದ. ಕಾರಣ ಕೇಳಿದರೆ ‘ದೂರದ್ದು ಮೊದಲ ಬರತೈತಿ, ಹತ್ತರದ್ದು ಆಮ್ಯಾಲೆ ಬರತೈತಿ, ಪದ ಜೋಡಾಗ್ತಾವು’ ಎನ್ನುತ್ತಿದ್ದ. ಇದೆಂಥ ತಲೆಕೆಳಗಿನ ಮಾತು ಎಂದು ನಕ್ಕಿದ್ದೆ.

ಮುಂದೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದುವಾಗ ಅದು ಹೊಳೆಯಿತು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವಾಯರಿನಲ್ಲಿ ಹೋಗುವ ವಿದ್ಯುತ್ತಿಗೆ ನಮ್ಮೂರ ಬಯಲು ಒಂದು ಲೆಕ್ಕವೇ ಅಲ್ಲ. ವೇದಿಕೆಯಿಂದ ನೂರು ಮೀಟರ್ ದೂರದ ಕಂಬಕ್ಕೆ ಒಂದು ಭೋಂಗಾ ಕಟ್ಟಿದರೆ ಅದರ ಕೆಳಗೆ ಕೂತವನಿಗೆ ಪದವು ಮೊದಲು ಅವನ ತಲೆಯ ಮೇಲಿನ ಭೋಂಗಾದಿಂದ ಬರುತ್ತದೆ. ಸುಮಾರು ಮೂರನೇ ಒಂದು ಸೆಕೆಂಡಿನ ಮೇಲೆ ಅದೇ ಪದ ವೇದಿಕೆಯ ಕಡೆಯಿಂದ ಮತ್ತೊಮ್ಮೆ ಬರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಮಾತು ಗಂಜಿಯಾಗುತ್ತದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಪ್ಪ ಇದನ್ನು ಕಡೆಯ ಸಾಲಿನಲ್ಲಿ ಕೂತು ಕಂಡುಕೊಂಡಿದ್ದ. ಆಟ ಶುರುವಾದ ಹತ್ತು ನಿಮಿಷಕ್ಕೆ ಆಂಪ್ಲಿಫೈಯರನ್ನು ನನ್ನ ಕೈಗೆ ಬಿಟ್ಟು, ಟವೆಲು ಹೊದ್ದು, ಜನರ ನಡುವೆ ಹಾದು ಹಿಂದೆ ಹೋಗಿ ಮುದುಕಿಯರ ಮಗ್ಗುಲಿಗೆ ಕೂಡುತ್ತಿದ್ದ. ಅಲ್ಲಿಂದ ಕೈ ಎತ್ತಿ ಸನ್ನೆ ಮಾಡಿದರೆ ನಾನು ಟ್ರೆಬಲ್ ಬಿರಡೆಯನ್ನು ಒಂದು ಕೂದಲೆಳೆ ತಿರುಗಿಸಬೇಕು. ಒಂದು ಕೂದಲೆಳೆ ಹೆಚ್ಚಾದರೆ ಮೈಕು ಕೂಂಯ್ ಎಂದು ಸೀಟಿ ಹೊಡೆಯುತ್ತಿತ್ತು, ಅಪ್ಪನ ಬೈಗುಳ ಮೈಕಿಲ್ಲದೆ ವೇದಿಕೆಗೆ ತಲುಪುತ್ತಿತ್ತು.

ಇಷ್ಟಾದರೂ ಭೋಂಗಾ ಭೋಂಗಾವೇ. ಮುನ್ನೂರು ನಾನೂರು ಹರ್ಟ್ಸ್‌ಗಿಂತ ಕೆಳಗಿನ ಸ್ವರವನ್ನು ಅದು ಎತ್ತಲಾರದು, ಐದಾರು ಸಾವಿರಕ್ಕಿಂತ ಮೇಲೆ ಏರಲಾರದು. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು ಎನ್ನುತ್ತಾರೆ. ನಾವು ಮೂಡಲಗಿಯ ಹುಡುಗರು ಅದರ ನಡುವಿನ ಒಂದು ತುಂಡನ್ನಷ್ಟೇ ಸಂಗೀತವೆಂದು ತಿಳಿದು ಬೆಳೆದೆವು. ಡಗ್ಗಾದ ಘುಂಕಾರ ವೇದಿಕೆಯ ಮುಂದೆ ಕೂತ ನಾಲ್ಕು ಸಾಲಿಗೆ ಮಾತ್ರ. ಹಿಂದಿನವರಿಗೆ ಬರಿಯ ಟಕ್ ಟಕ್. ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳ ಧ್ವನಿಸುರುಳಿಯನ್ನು ಅಪ್ಪ ತೇಯುವವರೆಗೆ ಹಾಕಿದ್ದ. ಬೆಂಗಳೂರಿನ ಸ್ಟುಡಿಯೋದಲ್ಲಿ ಅದರಲ್ಲಿ ಏನೇನು ತುಂಬಿಸಿದ್ದರೋ, ನಮಗೆ ಬಂದದ್ದು ಮಾತ್ರ ಭೋಂಗಾದ ಕೊರಳಿನಲ್ಲಿ ಹಿಡಿಸಿದಷ್ಟೇ.

ನಾನು ಮೇಷ್ಟ್ರಾಗಿ ಹುಕ್ಕೇರಿಗೆ ಬಂದು ನೆಲೆ ನಿಂತೆ. ಗುಂಬಜಗಳ ಊರು. ಆ ಹಳೆಯ ಗೋರಿಗಳ ಒಳಗೆ ನಿಂತು ಹುಡುಗರು ಕೂ ಎಂದು ಕೂಗಿ, ತಿರುಗಿ ಬರುವ ಧ್ವನಿಗೆ ಖುಷಿಪಡುತ್ತಾರೆ. ಅಪ್ಪನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಅವನು ಮೇಲೆ ನೋಡಿ, ‘ಇಲ್ಲಿ ಮೈಕ್ ಹಚ್ಚಾಕ ಬರೂದಿಲ್ಲ’ ಎಂದಷ್ಟೇ ಹೇಳಿ ಹೊರಗೆ ಬಂದ.

ಅಂಗಡಿ 1990ರ ದಶಕದ ಕೊನೆಗೆ ಮುಚ್ಚಿತು. ಪೆಟ್ಟಿಗೆಯಂಥ ದೊಡ್ಡ ಸ್ಪೀಕರುಗಳು ಬಂದಿದ್ದವು, ಅಪ್ಪನ ಭೋಂಗಾ ಲಗ್ನದವರಿಗೆ ಬೇಡವಾಯಿತು. 2000ದಲ್ಲಿ ಶಬ್ದಮಾಲಿನ್ಯದ ನಿಯಮಗಳು ಬಂದು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದಾಯಿತು. ಇರುಳಿಡೀ ಮುನಿಸಿಕೊಳ್ಳುವ ಭಾಮೆಗೆ ಅದರಿಂದ ತೊಂದರೆಯಾಯಿತೆಂಬುದು ನಿಜ. ನಿಯಮ ತಪ್ಪೆಂದು ನಾನು ಹೇಳಲಾರೆ. ಏಕೆಂದರೆ ಅಪ್ಪನ ಕಿವಿ ಆ ಹೊತ್ತಿಗಾಗಲೇ ಹೋಗಿತ್ತು.

ಹೋಗಿತ್ತು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಅವನು ಮಾತಿಗೆ ಮಾತು ಕೊಡುತ್ತಿರಲಿಲ್ಲ, ಇಲ್ಲವೇ ಏನೋ ಕೇಳಿದರೆ ಏನೋ ಹೇಳುತ್ತಿದ್ದ. ಕೂಗಿ ಮಾತಾಡುತ್ತಿದ್ದ. ನಾನು ಅದನ್ನು ಸಿಟ್ಟು ಎಂದುಕೊಂಡೆ. ಮನೆಗೆ ಬಂದ ನನ್ನ ಹೆಂಡತಿಯೂ ಮಾವನವರಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡಳು. ಹೀಗೆ ಒಂದು ಮನೆಯಲ್ಲಿ ಹತ್ತು ವರ್ಷ ಇಲ್ಲದ ಸಿಟ್ಟೊಂದು ಬೆಳೆಯಿತು. ಕಡೆಗೆ ಬೆಳಗಾವಿಯ ಡಾಕ್ಟರರು ಪರೀಕ್ಷೆ ಮಾಡಿ ಒಂದು ನಕ್ಷೆ ಕೈಗಿತ್ತರು. ಎಡಗಡೆಯ ತಗ್ಗಿನ ಸ್ವರಗಳಲ್ಲಿ ಗೆರೆ ಹೆಚ್ಚೂಕಡಿಮೆ ನೆಟ್ಟಗಿತ್ತು. ಎರಡು ಸಾವಿರ ಹರ್ಟ್ಸ್ ದಾಟಿದ್ದೇ ತಡ, ನಾಲ್ಕು ಸಾವಿರದ ಹತ್ತಿರ ನಮ್ಮ ಗೋಕಾಕದ ಫಾಲ್ಸ್‌ನಂತೆ ಕೆಳಕ್ಕೆ ಧುಮುಕಿತ್ತು. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಕೆಡುವುದು ಅಲ್ಲೇ ಅಂತೆ. ಸ್ವರಾಕ್ಷರಗಳು ತಗ್ಗಿನಲ್ಲಿರುತ್ತವೆ, ಅವು ಕೇಳುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಮೇಲಿನ ಸ್ವರಗಳಲ್ಲಿ, ಅವು ಕೇಳುವುದಿಲ್ಲ. ಅಂದರೆ ಅಪ್ಪನಿಗೆ ನಾವು ಮಾತಾಡುತ್ತಿರುವುದು ಕೇಳುತ್ತಿತ್ತು. ಏನು ಮಾತಾಡುತ್ತಿದ್ದೇವೆ ಎಂಬುದು ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷ ಎರಡು ತಾಲೂಕಿನ ಜನಕ್ಕೆ ಪದ ತಿಳಿಸಿದವನಿಗೆ ಪದವೇ ತಿಳಿಯದಾಯಿತು.

ಕಿವಿಯ ಯಂತ್ರ ಕೊಡಿಸಿದೆವು. ಎರಡು ದಿನ ಹಾಕಿಕೊಂಡು ತೆಗೆದಿಟ್ಟ. ‘ಎಲ್ಲಾರೂ ಭೋಂಗಾದಾಗ ಮಾತಾಡಿಧಂಗ ಆಗತೈತಿ’ ಎಂದ. ಅದಕ್ಕೆ ನಾವು ಏನು ಹೇಳುವುದು?

(ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರ ಕಿವಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ತಾಳಿಕೊಳ್ಳಬಲ್ಲದು. ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಬಂದರೆ ನಾಲ್ಕು ಗಂಟೆ ಮಾತ್ರ. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಇಷ್ಟು ಸದ್ದು ಮಾಡುವುದು ಭೋಂಗಾದ ಕೆಳಗೆ ನಿಲ್ಲುವುದಕ್ಕಿಂತ ಸುಲಭ.)

ಇನ್ನು ನನ್ನ ಮಗಳ ಮಾತು. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಅವಳು ಒಂದು ದಿನ ಊಟಕ್ಕೆ ಕೂತಾಗ, ‘ಪಪ್ಪಾ, ನಾ ಸೌಂಡ್ ರೆಕಾರ್ಡಿಂಗ್ ಕಲೀಬೇಕಂತ ಮಾಡೀನಿ’ ಎಂದಳು. ರೊಟ್ಟಿ ನನ್ನ ಗಂಟಲಲ್ಲಿ ನಿಂತಿತು. ಹಿಂದಿನ ಬೆಂಚಿನ ‘ಮೈಕ್ ಟೆಸ್ಟಿಂಗ್’ ನಲವತ್ತು ವರ್ಷ ದಾಟಿ ಮತ್ತೆ ಕೇಳಿಸಿತು. ಇಂಜಿನಿಯರಿಂಗ್ ಇದೆ, ಕೃಷಿ ಪದವಿ ಇದೆ, ಬ್ಯಾಂಕಿನ ಪರೀಕ್ಷೆಗಳಿವೆ, ಇದೆಲ್ಲ ಬಿಟ್ಟು ಅಜ್ಜನ ಹಾಗೆ ವಾಯರು ಸುತ್ತಲು ಹೋಗುತ್ತೀಯಾ ಎಂದುಬಿಟ್ಟೆ. ಅಪ್ಪ ಎದುರಿಗೇ ಕೂತಿದ್ದ. ಅವನಿಗೆ ಕೇಳಿಸಲಿಲ್ಲವೆಂದು ಧೈರ್ಯವಿತ್ತು. ಈಗ ಆ ಧೈರ್ಯವನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಗಳು ವಾದ ಮಾಡಲಿಲ್ಲ. ಮರುದಿನ ಸಂಜೆ ತನ್ನ ಹೆಡ್‌ಫೋನ್ ತಂದು ನನ್ನ ತಲೆಗೆ ಹಾಕಿ, ‘ಬೈಯೂಕಿಂತ ಮೊದಲ ಇದನ್ನ ಕೇಳ್ರಿ’ ಎಂದಳು. ಹಾಡು ಶರೀಫರ ‘ಗುಡುಗುಡಿಯ ಸೇದಿ ನೋಡೋ’. ಹಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಅವರ ಮೊದಲ ಆಲ್ಬಂ, 2008ರಲ್ಲಿ ಬಂದದ್ದು. ನನ್ನ ಮಗಳಿಗಿಂತ ಒಂದೆರಡು ವರ್ಷ ಚಿಕ್ಕದು. ಹಿಂದಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಸಣ್ಣ ಕಂಪನಿಯಿಂದ ಅದನ್ನು ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಶರೀಫರ ಪದಗಳೇ ಎರಡು. ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟಿ, ಮುದ್ರಿಸಿ, ಊರೂರು ಹಾಡಿಕೊಂಡು ಹೋಗುವ ಇಂಥ ತಂಡಗಳನ್ನು ‘ಇಂಡೀ’ ಎನ್ನುತ್ತಾರಂತೆ, ಅಂದರೆ ಸ್ವತಂತ್ರ. ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ 2000ದಲ್ಲೇ ತನ್ನ ಮೊದಲ ಆಲ್ಬಂ ತಂದಿತ್ತು. ನಮ್ಮ ಪಾರಿಜಾತದ ಮೇಳಗಳೂ ಇಂಡೀ ಅಲ್ಲವೇ ಎಂದು ಆಮೇಲೆ ನಾನು ಮಗಳನ್ನು ಕೇಳಿದೆ. ಅವಳು ನಕ್ಕಳು, ಇಲ್ಲವೆನ್ನಲಿಲ್ಲ.

ಶರೀಫಜ್ಜನ ಪದಕ್ಕೆ ಗಿಟಾರು, ಡ್ರಮ್ಮು! ನನಗೆ ಮೊದಲು ಬಂದದ್ದು ಸಿಟ್ಟೇ. ಏಕತಾರಿ, ದಮ್ಮಡಿಯ ಭಜನೆಯಲ್ಲಿ ಕೇಳಿದ್ದೆ, ಅಶ್ವತ್ಥರ ಕಂಚಿನ ಕಂಠದಲ್ಲಿ ಕೇಳಿದ್ದೆ. ಇದು ಆಗದು ಎಂದು ಹೆಡ್‌ಫೋನ್ ತೆಗೆಯಹೋದೆ. ಮಗಳು ಕೈ ಹಿಡಿದಳು. ‘ಒಂದ ಕಿವೀದು ಅಷ್ಟ ತಗೀರಿ’ ಎಂದಳು. ಎಡಗಡೆಯದನ್ನು ತೆಗೆದೆ. ಯಾವುದೋ ವಾದ್ಯ ಕಡಿಮೆಯಾದಂತೆನಿಸಿತು. ಅದನ್ನು ಹಾಕಿ ಬಲಗಡೆಯದನ್ನು ತೆಗೆದೆ. ಇನ್ನೇನೋ ಹೋಯಿತು. ಹಾಡುವವನ ಧ್ವನಿ ಮಾತ್ರ ಎರಡರಲ್ಲೂ ಒಂದೇ ಸಮ. ಎರಡನ್ನೂ ಹಾಕಿಕೊಂಡಾಗ ಆ ಧ್ವನಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನನ್ನ ಹುಬ್ಬುಗಳ ನಡುವೆ ಬಂದು ನಿಂತಿತ್ತು.

ಇದು ನಿಮ್ಮಲ್ಲಿ ಅನೇಕರಿಗೆ ಹಳೆಯ ಸುದ್ದಿ. ಸ್ಟೀರಿಯೋ ವಿದ್ಯೆಗೆ ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ. ಮೈಕಿನವನ ಮಗನಿಗೆ ಅದು ತಲುಪಲು ಇಷ್ಟು ವರ್ಷ ಬೇಕಾಯಿತು, ಏಕೆಂದರೆ ಭೋಂಗಾಕ್ಕೆ ಎಡಬಲವಿಲ್ಲ. ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದೆ. ಈ ಸಲ ಕೆಳಗಿನದನ್ನು ಹುಡುಕಿದೆ. ಬಾಸ್ ಗಿಟಾರು ಎಂಬ ವಾದ್ಯವೊಂದಿದೆ. ಅದರ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ನಮ್ಮ ಭೋಂಗಾಕ್ಕೆ ಅದು ಪಾತಾಳ. ಆ ಸ್ವರ ಕಿವಿಗಿಂತ ಎದೆಗೆ ಕೇಳುತ್ತದೆ. ಹಾಡು ಅದರ ಮೇಲೆ ಕೂತಿದೆ, ಮಣ್ಣಿನ ಮನೆ ತಳಪಾಯದ ಮೇಲೆ ಕೂತಂತೆ. ಡ್ರಮ್ಮಿನ ಪೆಟ್ಟು ಬಾಸಿನ ಜೊತೆಗೇ ಬೀಳುತ್ತದೆ, ಆದರೂ ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಇಷ್ಟೆಲ್ಲ ಇದ್ದೂ ಶರೀಫರ ಒಂದು ಅಕ್ಷರ ಕೂಡ ಅಳಿಸಿಲ್ಲ. ನಾನು ಕಣ್ಣು ಬಿಟ್ಟಾಗ ನನ್ನ ಬಾಯಿಂದ ಬಂದ ಮಾತು, ‘ಪದಾ ತಿಳೀತಾವಲ್ಲ!’

ಇದು ಹೇಗೆ ಸಾಧ್ಯ ಎಂದು ಮಗಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೈಕೇ ಇರಲಿಲ್ಲ. ದೊಡ್ಡ ಕೊಳವೆಯೊಂದಕ್ಕೆ ಮುಖ ಒಡ್ಡಿ ಕೂಗಿ ಹಾಡಬೇಕಿತ್ತು, ಸೂಜಿ ನೇರವಾಗಿ ಮೇಣದ ಮೇಲೆ ಗೀರುತ್ತಿತ್ತು. 1925ರ ಸುಮಾರಿಗೆ ಮೈಕು ಸ್ಟುಡಿಯೋಕ್ಕೆ ಬಂತು. ಆಮೇಲೆ ಒಂದೇ ಟೇಪಿನ ಮೇಲೆ ಬೇರೆಬೇರೆ ಪಟ್ಟಿಗಳಲ್ಲಿ ಮುದ್ರಿಸುವ ವಿದ್ಯೆ ಬಂತು. ಬೀಟಲ್ಸ್‌ನವರ 1967ರ ಹೆಸರಾಂತ ‘ಸಾರ್ಜೆಂಟ್ ಪೆಪ್ಪರ್’ ನಾಲ್ಕೇ ಪಟ್ಟಿಗಳ ಯಂತ್ರದಲ್ಲಿ ಆದದ್ದು. ಈಗ ಕಂಪ್ಯೂಟರಿನಲ್ಲಿ ಬೇಕಾದಷ್ಟು ಪಟ್ಟಿ. ಗಿಟಾರಿನದೊಂದು, ಕಂಠದ್ದೊಂದು, ಡ್ರಮ್ಮಿನ ಒಂದೊಂದು ಚರ್ಮಕ್ಕೂ ಒಂದೊಂದು. ಎಲ್ಲರೂ ಒಟ್ಟಿಗೆ ಕೂಡಬೇಕೆಂದೂ ಇಲ್ಲ. ಇವತ್ತು ಗಿಟಾರು, ನಾಳೆ ಕಂಠ. ಹಾಗೆಂದು ಒಟ್ಟಿಗೆ ನುಡಿಸಿದ್ದು ಕೀಳೆಂದಲ್ಲ. ‘ಇಂಡಿಯನ್ ಓಷನ್’ ತಂಡದ ‘ಡೆಸರ್ಟ್ ರೇನ್’ 1997ರಲ್ಲಿ ದೆಹಲಿಯ ವೇದಿಕೆಯ ಮೇಲೆ ನೇರ ಮುದ್ರಿಸಿದ್ದು, ಅದರ ಬಿಸಿಯೇ ಬೇರೆ.

ಹೀಗೆ ಬಿಡಿಬಿಡಿಯಾಗಿ ಬಂದದ್ದನ್ನು ಕೂಡಿಸುವುದೇ ಮಿಕ್ಸಿಂಗ್. ನನಗೆ ತಟ್ಟನೆ ನೆನಪಾದದ್ದು ಗೋಕಾಕದ ಕರದಂಟು. ಅಂಟು ಬೇರೆ ಹುರಿಯಬೇಕು, ಕೊಬ್ಬರಿ ಬೇರೆ, ಉತ್ತತ್ತಿ ಬೇರೆ, ಬದಾಮಿ ಬೇರೆ. ಬೆಲ್ಲದ ಪಾಕ ಎಲ್ಲವನ್ನೂ ಹಿಡಿದಿರಬೇಕು, ಆದರೆ ಹಲ್ಲಿಗೆ ಸಿಕ್ಕಾಗ ಒಂದೊಂದೂ ತನ್ನ ಹೆಸರು ಹೇಳಬೇಕು. ಪಾಕ ಏರಿದರೆ ಎಲ್ಲವೂ ಬೆಲ್ಲವೇ. ಮಗಳಿಗೆ ಈ ಹೋಲಿಕೆ ಅಷ್ಟೇನೂ ಹಿಡಿಸಲಿಲ್ಲ. ಮಿಕ್ಸಿಂಗಿನಲ್ಲಿ ಹಾಕುವುದಕ್ಕಿಂತ ತೆಗೆಯುವುದೇ ಹೆಚ್ಚು ಎಂದಳು. ಗಿಟಾರಿನ ತಗ್ಗಿನ ಗುಂಯ್‌ಗುಡಿತವನ್ನು ಕತ್ತರಿಸಿ ಬಾಸಿಗೆ ಜಾಗ ಮಾಡಿಕೊಡಬೇಕು. ಮಾತಿನ ಅಕ್ಷರಗಳಿರುವ ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ನ ಓಣಿಯಲ್ಲಿ ಉಳಿದ ವಾದ್ಯಗಳು ಸ್ವಲ್ಪ ಬದಿಗೆ ಸರಿಯಬೇಕು. ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಕೂಡಿಸಬೇಕು. ಮಾರ್ದನಿ ಬೆರೆಸಿ ಒಂದನ್ನು ದೂರ, ಒಂದನ್ನು ಹತ್ತಿರ ಮಾಡಬೇಕು. ಇಷ್ಟೆಲ್ಲ ಮಾಡಿ ಒಳ್ಳೆಯ ಇಂಜಿನಿಯರು ದೊಡ್ಡ ಸ್ಪೀಕರಿನಲ್ಲಿ ಕೇಳಿ ತೃಪ್ತನಾಗುವುದಿಲ್ಲ. ಸಣ್ಣ, ಬಡಪಾಯಿ ಸ್ಪೀಕರಿನಲ್ಲಿ, ಕಾರಿನಲ್ಲಿ, ತೀರ ಕಡಿಮೆ ಸದ್ದಿನಲ್ಲಿ ಕೇಳುತ್ತಾನೆ. ಯಮಾಹಾದ ಎನ್‌ಎಸ್-10 ಎಂಬ ಬಿಳಿ ಬಾಯಿಯ ಸಾದಾ ಸ್ಪೀಕರು ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಕೂತದ್ದು ಇದಕ್ಕಾಗಿಯೇ. ಅದರಲ್ಲಿ ಚೆನ್ನಾಗಿ ಕೇಳಿದರೆ ಎಲ್ಲಿಯೂ ಕೇಳುತ್ತದೆ ಎಂಬ ನಂಬಿಕೆ.

ಟವೆಲು ಹೊದ್ದು ಕಡೆಯ ಸಾಲಿಗೆ ಹೋಗಿ ಮುದುಕಿಯರ ಮಗ್ಗುಲಿಗೆ ಕೂಡುವುದೆಂದರೆ ಇದೇ ಅಲ್ಲವೇ ಎಂದು ಅನ್ನಿಸಿತು. ಮಗಳಿಗೆ ಹೇಳಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ.

ಇನ್ನೊಂದು ಮಾತು. ನಮ್ಮ ಅಂಗಡಿಗೆ ಪಕ್ಕದ ಊರಿನವನೊಬ್ಬ ಸ್ಪರ್ಧಿ ಇದ್ದ. ಅವನದು ಒಂದೇ ಮಂತ್ರ: ಎಲ್ಲ ಬಿರಡೆಗಳನ್ನೂ ಕೊನೆಯವರೆಗೆ ತಿರುಗಿಸುವುದು. ಲಗ್ನದವರಿಗೆ ಅವನೇ ಇಷ್ಟ. ಮೂರು ಊರಿಗೆ ಕೇಳುತ್ತಿತ್ತು, ಒಂದೂ ಊರಿಗೆ ತಿಳಿಯುತ್ತಿರಲಿಲ್ಲ. ಜಗತ್ತಿನ ಸಂಗೀತದಲ್ಲೂ ಇಂಥದೊಂದು ಕಾಲ ಬಂದಿತ್ತಂತೆ. ಸಿ.ಡಿ. ಬಂದ ಮೇಲೆ, ಅದರಲ್ಲೂ 1990ರ ದಶಕದಿಂದ, ತಮ್ಮ ಹಾಡು ಪಕ್ಕದವನ ಹಾಡಿಗಿಂತ ಜೋರಾಗಿರಲಿ ಎಂದು ಎಲ್ಲರೂ ಮೆಲ್ಲನೆಯದನ್ನು ಎತ್ತಿ, ಜೋರಿನದನ್ನು ಅದುಮಿ, ಹಾಡನ್ನು ಇಟ್ಟಿಗೆಯಂತೆ ಮಾಡತೊಡಗಿದರು. ನಮ್ಮ ಆಲ್ಬಂ ಬಂದ 2008ರಲ್ಲೇ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ, ಸದ್ದು ಒಡೆಯುತ್ತಿದೆ ಎಂದು ಅದರ ಅಭಿಮಾನಿಗಳೇ ದೂರಿದರು. ಗದ್ದಲದ ಸಂಗೀತದವರಿಗೇ ಗದ್ದಲ ಹೆಚ್ಚಾಯಿತೆಂದರೆ ನೋಡಿ. ಈಗ ಫೋನಿನಲ್ಲಿ ಹಾಡು ಕೇಳಿಸುವ ಕಂಪನಿಗಳು ಎಲ್ಲ ಹಾಡುಗಳನ್ನೂ ಒಂದು ಮಟ್ಟಕ್ಕೆ ಇಳಿಸಿಬಿಡುವುದರಿಂದ ಆ ಜಗಳದ ಬಿಸಿ ಆರಿದೆ. ನಮ್ಮೂರ ಸ್ಪರ್ಧಿಗೆ ಇಂಥ ಮೂಗುದಾರ ಹಾಕುವವರು ಯಾರೂ ಇರಲಿಲ್ಲ.

ಅಪ್ಪನಿಗೆ ಈ ಹಾಡು ಕೇಳಿಸಬೇಕೆಂಬುದು ಮಗಳದೇ ಹಟ. ಬೇಡವೆಂದೆ. ಕೇಳದವನಿಗೆ ಕೇಳಿಸಹೋಗಿ ನೋಯಿಸುವುದೇಕೆ? ಅವಳು ಅಜ್ಜನ ಹಳೆಯ ನಕ್ಷೆಯನ್ನು ಕಪಾಟಿನಿಂದ ತೆಗೆದು ಮುಂದಿಟ್ಟುಕೊಂಡಳು. ಫೋನಿನಲ್ಲಿ ಸ್ವರದ ಪಟ್ಟಿಗಳನ್ನು ಏರಿಸಿ ಇಳಿಸುವ ಒಂದು ವ್ಯವಸ್ಥೆ ಇದೆ. ಗೆರೆ ಎಲ್ಲಿ ಬಿದ್ದಿತ್ತೋ ಅಲ್ಲಿ ಇವಳು ಸ್ವಲ್ಪಸ್ವಲ್ಪವೇ ಏರಿಸಿದಳು. ತಗ್ಗಿನದನ್ನು ಇಳಿಸಿದಳು. ಒಟ್ಟು ಸದ್ದು ಹೆಚ್ಚಾಗಬಾರದೆಂದು ತನ್ನ ಕಿವಿಗೆ ಹಾಕಿ ನೋಡಿಕೊಂಡಳು. ಆಮೇಲೆ ಅಂಗಳದಲ್ಲಿ ಕೂತಿದ್ದ ಅಜ್ಜನ ರುಮಾಲು ಬಿಚ್ಚಿಸಿ ಹೆಡ್‌ಫೋನ್ ತೊಡಿಸಿದಳು. ಎಡಬಲ ತಿರುವುಮುರುವಾಗಿತ್ತು; ಸರಿಪಡಿಸಲು ಹೋದರೆ ‘ಇರ್ಲಿ ಬಿಡವ್ವಾ’ ಎಂದ.

ಹಾಡು ಶುರುವಾಯಿತು. ಅಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗೈಯ ಬೆರಳುಗಳು ಗಾಳಿಯಲ್ಲಿ ಒಂದು ಬಿರಡೆ ತಿರುಗಿಸಿದವು. ಕೂದಲೆಳೆಯಷ್ಟು. ಮಗಳಿಗೆ ಆ ಸನ್ನೆ ಗೊತ್ತಿಲ್ಲ, ನನಗೆ ಗೊತ್ತು. ‘ಟ್ರೆಬಲ್ ಇನ್ನೊಂಚೂರು’ ಎಂದೆ. ಅವಳು ಏರಿಸಿದಳು. ಅಪ್ಪ ಕೈ ಇಳಿಸಿದ.

‘ಶರೀಫಜ್ಜಂದು’ ಎಂದ. ಆಮೇಲೆ, ‘ಬಾಯಿ ಮೈಕಿಗಿ ಭಾಳ ಹತ್ರ ಹಿಡದಾನ. ಆದರ ‘ಪ’ ಒಡದಿಲ್ಲ ನೋಡು. ಅರಿವಿ ಕಟ್ಯಾರೇನು?’

ನಾನು ಮಗಳ ಮುಖ ನೋಡಿದೆ. ಅವಳ ಕಣ್ಣು ಅಗಲವಾಗಿದ್ದವು. ಮೈಕಿಗೆ ಹತ್ತಿರ ಹಾಡಿದರೆ ಧ್ವನಿಗೆ ತಗ್ಗಿನ ತೂಕ ಬರುತ್ತದೆ. ಆದರೆ ಪ, ಬ ಅನ್ನುವಾಗ ಬಾಯಿಂದ ಹೊರಡುವ ಗಾಳಿ ಬಡಿದು ಪಟ್ ಎನ್ನುತ್ತದೆ. ಅದಕ್ಕೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ತೆಳು ಬಟ್ಟೆ ಬಿಗಿದ ಬಳೆಯೊಂದನ್ನು ನಿಲ್ಲಿಸುತ್ತಾರೆ. ಅಪ್ಪ ತನ್ನ ಮೈಕಿಗೆ ಕರವಸ್ತ್ರ ಕಟ್ಟುತ್ತಿದ್ದ. ಭಾಮೆ ಪಾತ್ರದವರು ‘ನಿನ್ನ ಹೊಲಸ ಅರಿವಿ ತಗೀ’ ಎಂದು ಬೈದರೂ ಕಟ್ಟುತ್ತಿದ್ದ. ಆ ಪಟ್ ಸದ್ದು ತಗ್ಗಿನ ಸ್ವರದ್ದು. ಅಪ್ಪನ ಕಿವಿಯಲ್ಲಿ ಇನ್ನೂ ಉಳಿದಿರುವ ಕಡೆಯದು.

ಅವನಿಗೆ ಪದ ನಿಜವಾಗಿ ತಿಳಿಯಿತೋ, ಬಾಯಿಪಾಠವಾದದ್ದು ನೆನಪಿನಿಂದ ಬಂತೋ ಎಂಬ ಅನುಮಾನ ನನಗೆ. ಮೇಷ್ಟ್ರ ಬುದ್ಧಿ, ಪರೀಕ್ಷೆ ಮಾಡದೆ ಬಿಡುವುದಿಲ್ಲ. ಅವನು ಎಂದೂ ಕೇಳಿರದ್ದನ್ನು ಹಾಕು ಎಂದೆ. ಮಗಳು ಅದೇ ಆಲ್ಬಮ್ಮಿನ ಹಿಂದಿಯ ‘ಮೈಸೂರ್ ಸೇ ಆಯೀ’ ಹಾಕಿದಳು. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ಬಹಳ ಹೊತ್ತು ಸುಮ್ಮನೆ ಕೇಳಿದ. ಮಗ್ಗುಲಲ್ಲಿ ಎಮ್ಮೆ ಬಾಲ ಬೀಸುತ್ತಿತ್ತು. ಕಡೆಗೆ, ‘ಮೈಸೂರ ಅಂದ್ನಲ್ಲ?’ ಎಂದು ಕೇಳಿದ.

ಸ ಅಕ್ಷರ. ಹತ್ತಿಪ್ಪತ್ತು ವರ್ಷ ಅವನಿಗೆ ಕೇಳದಿದ್ದ ಅಕ್ಷರ. ಒಂದೇ ಒಂದು ಪದ, ಅದೂ ಊರ ಹೆಸರು, ಅಷ್ಟರಿಂದ ಕಿವಿ ಬಂತೆಂದು ಯಾರೂ ಹೇಳುವುದಿಲ್ಲ. ಮರುದಿನ ನಾನು ‘ಚಹಾ ಬೇಕೇನು’ ಎಂದರೆ ಅವನು ‘ಸಂತಿ ನಾಳೆ’ ಎಂದೇ ಹೇಳಿದ. ಆದರೆ ಕಿವಿಯ ಯಂತ್ರವನ್ನು ಮಗಳು ಬೆಳಗಾವಿಗೆ ಒಯ್ದು ಆ ನಕ್ಷೆಯಂತೆ ಮತ್ತೆ ಸರಿಹೊಂದಿಸಿ ತಂದಾಗ ಅವನು ಅದನ್ನು ಒಂದು ವಾರ ತೆಗೆದಿಡಲಿಲ್ಲ. ಈಗ ಸಂಜೆಯ ಹೊತ್ತು ಹಾಕಿಕೊಳ್ಳುತ್ತಾನೆ.

ಮಗಳು ಸಿಇಟಿ ಬರೆದಿದ್ದಾಳೆ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಧ್ವನಿಮುದ್ರಣದ ಡಿಪ್ಲೊಮಾ ಇದೆ. ಪದವಿ ಮುಗಿಸಿದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪರೀಕ್ಷೆಗೂ ಕೂಡಬಹುದು. ಇದನ್ನೆಲ್ಲ ವಿಚಾರಿಸಿದವನು ನಾನೇ. ನನ್ನ ಹೆಂಡತಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮೊದಲು ಆಗಲಿ ಎನ್ನುತ್ತಾಳೆ. ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಈ ಸಲ ಎಲ್ಲರಿಗೂ ಕೇಳುವಂತೆ ನಡೆದಿದೆ.

ಆ ಸಂಜೆ ಅಪ್ಪ ಹೆಡ್‌ಫೋನ್ ತೆಗೆದು ರುಮಾಲು ಸುತ್ತಿಕೊಂಡ. ಹಾಡಿದವನು ಯಾರು, ಯಾವ ಊರಿನವನು ಎಂದು ಕೇಳಲಿಲ್ಲ.

‘ಮೈಕ್ ಯಾರ್ದು?’ ಎಂದ.

ಲಗ್ನಪತ್ರಿಕೆಗಳಲ್ಲಿ, ಪಾರಿಜಾತದ ಹ್ಯಾಂಡ್‌ಬಿಲ್ಲುಗಳಲ್ಲಿ ಎಲ್ಲರ ಹೆಸರೂ ಇರುತ್ತಿತ್ತು, ಪೇಟಿಯವನದು, ತಬಲದವನದು, ದೀಪದವನದು ಕೂಡ. ಮೈಕಿನ ಕಾಕಾನ ಹೆಸರು ನಾನು ಎಲ್ಲಿಯೂ ಓದಿದ ನೆನಪಿಲ್ಲ. ಮಗಳ ಫೋನಿನ ಪರದೆಯ ಮೇಲೆ ಹಾಡಿನ ಹೆಸರಿತ್ತು, ಹಾಡಿದವರ ಚಿತ್ರವಿತ್ತು. ಅವಳು ಬೆರಳಿನಿಂದ ಪರದೆಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸುತ್ತ ಹುಡುಕುತ್ತಿದ್ದಳು. ಅಪ್ಪ ಕಾಯುತ್ತ ಕೂತ.